ಆಸ್ಪತ್ರೆ ಬಿಟ್ಟು ಬಂದವನ ನಿದ್ದೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ನಮ್ಮ ಕಾರ್ಮಿಕ ಬಾಂಧವರ ಮಟ್ಟಿಗಂತೂ ಸಂತೆಯಲ್ಲಿ ಮಲಗುವುದು ಬರಿಯ ಗಾದೆಯ ಮಾತಲ್ಲ. ರಾತ್ರಿ ಹೋಟೆಲಿನ ಬಾಗಿಲು ಎಳೆದ ಮೇಲೆ ಎರಡು ಮೇಜು ಜೋಡಿಸಿ ಮಲಗಿದವರು ನಾವು. ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದು, ಹಗಲು ಪಾಳಿಗೆ ಎದ್ದುಹೋದವನ ಚಾಪೆಯ ಮೇಲೆಯೇ ಒರಗಿದವರು ನಾವು. ಪಕ್ಕದಲ್ಲಿ ರುಬ್ಬುವ ಯಂತ್ರ ಗುಡುಗುತ್ತಿದ್ದರೂ, ತಲೆಯ ಮೇಲೆ ದೀಪ ಉರಿಯುತ್ತಿದ್ದರೂ, ಬಿದ್ದ ಜಾಗದಲ್ಲಿ ನಮಗೆ ನಿದ್ದೆ ಬಂದಿದೆ. ಆದುದರಿಂದಲೇ ನಮ್ಮಲ್ಲಿ ಯಾವನಾದರೂ “ನನಗೆ ನಿದ್ದೆ ಬರುವುದಿಲ್ಲ” ಎಂದರೆ ನಾವು ಅವನನ್ನು ಒಂದಿಷ್ಟು ತಾತ್ಸಾರದಿಂದ ನೋಡುತ್ತೇವೆ. ಇವನಿಗೆ ಕೆಲಸ ಕಡಿಮೆಯಾಗಿರಬೇಕು, ಇಲ್ಲವೆ ಏನೋ ಗುಟ್ಟಿನ ಚಿಂತೆ ಇರಬೇಕು ಎಂದುಕೊಳ್ಳುತ್ತೇವೆ.

ಈ ಎಣಿಕೆ ಎಲ್ಲರ ವಿಷಯದಲ್ಲಿಯೂ ಸರಿಯಲ್ಲ. ಶ್ವಾಸಕೋಶದ ಭಾರೀ ಕಾಯಿಲೆಗೆ ತುತ್ತಾಗಿ, ಐ.ಸಿ.ಯು. ಎಂಬ ತೀವ್ರ ನಿಗಾ ಘಟಕದಲ್ಲಿ ದಿನಗಟ್ಟಲೆ ಉಸಿರಾಟದ ಯಂತ್ರದ ಮೇಲಿದ್ದು, ಬದುಕಿ ಬಂದವನ ವಿಷಯವೇ ಬೇರೆ. ಅವನಿಗೆ ನಿದ್ದೆ ಬಾರದಿದ್ದರೆ ಅದು ಸೋಮಾರಿತನವೂ ಅಲ್ಲ, ನಟನೆಯೂ ಅಲ್ಲ. ಅದು ಆ ಕಾಯಿಲೆಯ ಬಾಕಿ. ಆಸ್ಪತ್ರೆಯವರು ಚೀಟಿ ಕೊಟ್ಟು ಕಳುಹಿಸಿದ ದಿನಕ್ಕೆ ಈ ಬಾಕಿ ತೀರುವುದಿಲ್ಲ. ಅದು ತೀರುವ ತನಕ ಅವನನ್ನು ಗುಣವಾಗುತ್ತಿರುವ ರೋಗಿಯೆಂದೇ ಕಂಡು, ಕೆಲಸದ ಜಾಗದಲ್ಲಿ, ಬಿಡಾರದಲ್ಲಿ, ಸಂಘದಲ್ಲಿ ಅವನಿಗೆ ಎಡೆಮಾಡಿಕೊಡಬೇಕೆಂಬುದೇ ಈ ಲೇಖನದ ತಾತ್ಪರ್ಯ.

ನಮ್ಮವರಿಗೆ ಈ ಕಾಯಿಲೆ ದೂರದ್ದಲ್ಲ

ಶ್ವಾಸಕೋಶದ ಗಾಳಿಗೂಡುಗಳಲ್ಲಿ ಉರಿಯೂತದಿಂದ ನೀರು ತುಂಬಿ, ಎಷ್ಟು ಉಸಿರೆಳೆದರೂ ರಕ್ತಕ್ಕೆ ಪ್ರಾಣವಾಯು ಸಾಲದೆ ಹೋಗುವ ಸ್ಥಿತಿಯನ್ನು ವೈದ್ಯರು ಎ.ಆರ್.ಡಿ.ಎಸ್. ಎಂದು ಕರೆಯುತ್ತಾರೆ. 1967ರಲ್ಲಿ ಅಮೇರಿಕೆಯ ನಾಲ್ವರು ವೈದ್ಯರು ಹನ್ನೆರಡು ರೋಗಿಗಳನ್ನು ಕುರಿತು ಬರೆದು ಇದನ್ನು ಮೊದಲು ಬೇರೆಯಾಗಿ ಗುರುತಿಸಿದರು. ನ್ಯುಮೋನಿಯಾ ವಿಪರೀತಕ್ಕೆ ಹೋದಾಗ, ರಕ್ತಕ್ಕೆ ನಂಜು ಏರಿದಾಗ, ಮಲೇರಿಯಾ ಕೆರಳಿದಾಗ ಇದು ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಮುಂಬಯಿಯಲ್ಲಿ ಹರಡಿದ ಇಲಿಜ್ವರವನ್ನು ಹಳಬರು ಮರೆತಿರಲಾರರು. ಆ ಜ್ವರವೂ ಕೆಲವರಲ್ಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಮೊಣಕಾಲಿನವರೆಗಿನ ಕೊಳಚೆ ನೀರಿನಲ್ಲಿ ನಡೆದು ಹೋಟೆಲಿನ ಬಾಗಿಲು ತೆರೆಯುವವರು ಯಾರು? ನಮ್ಮ ಹುಡುಗರೇ ಅಲ್ಲವೆ?

ಇನ್ನು 2020 ಮತ್ತು 2021ರ ಕೊರೋನಾ ಕಾಲದ ಸಂಗತಿಯನ್ನು ನಾವು ವಿಸ್ತರಿಸಬೇಕಾಗಿಲ್ಲ. ಹತ್ತು ಜನ ಒಂದೇ ಖೋಲಿಯಲ್ಲಿ ಮಲಗುವ ನಮ್ಮ ಬಿಡಾರಗಳಿಗೆ ಆ ಕಾಯಿಲೆ ಹೇಗೆ ಹೊಕ್ಕಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಮುಂಬಯಿಯ ಗಿರಣಿಗಳು 1982ರ ಮುಷ್ಕರದ ಬಳಿಕ ಒಂದೊಂದಾಗಿ ಮುಚ್ಚಿದವು ನಿಜ. ಆದರೆ ಅಲ್ಲಿ ಹತ್ತಿಯ ಧೂಳು ಕುಡಿದ ಎದೆಗಳು ಇನ್ನೂ ನಮ್ಮ ನಡುವೆ ಇವೆ. ವಾರದ ರಜೆ ಮುಗಿಸಿ ಗಿರಣಿಗೆ ಹೋದ ಮೊದಲ ದಿನವೇ ಎದೆ ಬಿಗಿಯುವ ಆ ಕಾಯಿಲೆಯನ್ನು ಹಳೆಯ ಗಿರಣಿಯವರು ಬಲ್ಲರು. ಅಂಥ ಎದೆಯವನಿಗೆ ನ್ಯುಮೋನಿಯಾ ತಗಲಿದರೆ ಅದು ಬೇಗ ವಿಪರೀತಕ್ಕೆ ಹೋಗುತ್ತದೆ. ಭಿವಂಡಿಯ ಯಂತ್ರಮಗ್ಗಗಳ ನಡುವೆ ಇಂದಿಗೂ ಅದೇ ಧೂಳನ್ನು ಕುಡಿಯುವ ನಮ್ಮವರಿದ್ದಾರೆ.

ಸಂತೋಷದ ವಿಷಯವೆಂದರೆ, ಈ ಕಾಯಿಲೆ ಬಂದವರಲ್ಲಿ ಬದುಕಿ ಬರುವವರ ಸಂಖ್ಯೆ ಹಿಂದಿಗಿಂತ ಹೆಚ್ಚಾಗಿದೆ. 1967ರ ಆ ಹನ್ನೆರಡು ಮಂದಿಯಲ್ಲಿ ಏಳು ಮಂದಿ ತೀರಿಕೊಂಡಿದ್ದರು. 50 ದೇಶಗಳ ಆಸ್ಪತ್ರೆಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಸುಮಾರು 60 ಮಂದಿ ಬದುಕಿ ಮನೆಗೆ ಮರಳಿದ್ದರು. ಹೀಗೆ ಮರಳಿದವರು ಹೆಚ್ಚಿದಂತೆಲ್ಲ ಒಂದು ಹೊಸ ಪ್ರಶ್ನೆ ಎದ್ದಿದೆ. ಮರಳಿದ ಮೇಲೆ ಅವರ ಗತಿಯೇನು?

ಮಲಗಿದ್ದವನಿಗೆ ಇನ್ನೂ ನಿದ್ದೆ ಬೇಕೇ?

ನಮಗೆ ತಿಳಿದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಹೋಟೆಲೊಂದರಲ್ಲಿ ಕ್ಲೀನರನಾಗಿ ಸೇರಿ, ಸಪ್ಲಾಯರನಾಗಿ, ಕೊನೆಗೆ ಗಲ್ಲಾದ ಮೇಲೆ ಕೂಡುವಷ್ಟು ವಿಶ್ವಾಸ ಗಳಿಸಿದ ಒಬ್ಬ ಸದಸ್ಯರು ನ್ಯುಮೋನಿಯಾದಿಂದ ಹತ್ತೊಂಬತ್ತು ದಿನ ಯಂತ್ರದ ಮೇಲಿದ್ದರು. ಬದುಕಿದರು. ಎರಡು ತಿಂಗಳಿಗೆ ಎದೆಯ ಫೋಟೋ ಸ್ವಚ್ಛವೆಂದು ವೈದ್ಯರು ಹೇಳಿದರು. ಕೆಲಸಕ್ಕೆ ಹಾಜರಾದರು. ಆದರೆ ರಾತ್ರಿ ಮಲಗಿದರೆ ಗಂಟಲಲ್ಲಿ ಇನ್ನೂ ನಳಿಕೆ ಇದ್ದಂತೆ, ಯಾರೋ ಕೈ ಕಟ್ಟಿ ಹಾಕಿದಂತೆ ಅನಿಸಿ ಧಡಕ್ಕನೆ ಏಳುತ್ತಿದ್ದರು. ಜೊತೆಯವರ ನಿದ್ದೆ ಕೆಡಬಾರದೆಂದು ಮೂರು ಗಂಟೆಯವರೆಗೂ ಹೊರಗೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಐದು ಗಂಟೆಗೆ ಹೋಟೆಲು ತೆರೆಯಬೇಕು. ಮಧ್ಯಾಹ್ನದ ಊಟದ ಗಲಾಟೆ ಮುಗಿಯುತ್ತಲೇ ಗಲ್ಲಾದ ಮೇಲೆಯೇ ಕುತ್ತಿಗೆ ವಾಲುತ್ತಿತ್ತು. ಲೆಕ್ಕ ತಪ್ಪಿತು. ಒಂದು ಸಲವಲ್ಲ, ನಾಲ್ಕು ಸಲ.

ಅವರ ಜೊತೆ ಕೆಲಸ ಮಾಡುವವರೇ ಆಡಿದ ಮಾತು ಇದು: “ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಯೇ ಇದ್ದವನಿಗೆ ಇನ್ನೂ ನಿದ್ದೆ ಬೇಕೇ?” ಮಾಲಕರು ಕೆಟ್ಟವರಲ್ಲ, ಆಸ್ಪತ್ರೆಯ ಖರ್ಚಿನಲ್ಲಿ ಪಾಲು ಕೊಟ್ಟವರು. ಅವರೂ ಕೊನೆಗೆ ಎರಡು ತಿಂಗಳ ಸಂಬಳ ಕೈಯಲ್ಲಿಟ್ಟು, “ಊರಿಗೆ ಹೋಗಿ ಆರಾಮ ಮಾಡು” ಎಂದರು. ಆರಾಮವೆಂದರೆ ಆ ಕೆಲಸ ಇನ್ನಿಲ್ಲವೆಂದು ಅರ್ಥ. ಮರಣದ ಬಾಯಿಂದ ಬಂದವರು ನಿದ್ದೆಯಿಲ್ಲದೆ ಹೊಟ್ಟೆಯ ಅನ್ನ ಕಳೆದುಕೊಂಡರು.

ಜೊತೆಯವರ ಆ ಮಾತಿನಲ್ಲಿ ದ್ವೇಷವಿರಲಿಲ್ಲ, ತಿಳಿವಳಿಕೆಯ ಕೊರತೆಯಿತ್ತು. ಅದನ್ನು ನಾವು ತುಂಬಿಕೊಳ್ಳಬೇಕು. ಐ.ಸಿ.ಯು.ದಲ್ಲಿ ಮಲಗಿರುವುದಕ್ಕೂ ನಿದ್ದೆ ಮಾಡುವುದಕ್ಕೂ ಅಜಗಜಾಂತರವುಂಟು.

ಯಂತ್ರದ ಮೇಲಿನ ದಿನಗಳು

ಆರೋಗ್ಯವಂತನ ನಿದ್ದೆ ಸುಮಾರು ಒಂದೂವರೆ ಗಂಟೆಗೊಂದು ಸುತ್ತಿನಂತೆ ನಡೆಯುತ್ತದೆ. ಮೊದಲು ತೆಳು ನಿದ್ದೆ, ಆ ಮೇಲೆ ಗಾಢ ನಿದ್ದೆ, ಅನಂತರ ಕನಸಿನ ನಿದ್ದೆ. ಹೀಗೆ ನಾಲ್ಕೈದು ಸುತ್ತು ಮುಗಿದರೆ ಮೈಯ ದಣಿವೂ ಮನಸ್ಸಿನ ದಣಿವೂ ಇಳಿಯುತ್ತವೆ. ಐ.ಸಿ.ಯು.ದಲ್ಲಿ ಈ ಸುತ್ತು ಪೂರ್ತಿಯಾಗುವುದೇ ಅಪರೂಪ. ರೋಗಿಗಳ ತಲೆಗೆ ತಂತಿ ಹಚ್ಚಿ ನೋಡಿದವರು ಕಂಡದ್ದೇನೆಂದರೆ, ಅಲ್ಲಿ ನಿದ್ದೆ ಚೂರುಚೂರಾಗಿ ಬರುತ್ತದೆ. ಅದರಲ್ಲಿ ಅರ್ಧದಷ್ಟು ಹಗಲಿನಲ್ಲಿಯೇ ಬೀಳುತ್ತದೆ. ಗಾಢ ನಿದ್ದೆಯೂ ಕನಸಿನ ನಿದ್ದೆಯೂ ಬಹಳ ಕಡಿಮೆ. ಹೊರಗಿನಿಂದ ನೋಡುವವರಿಗೆ ರೋಗಿ ಕಣ್ಣು ಮುಚ್ಚಿ ಮಲಗಿದ್ದಾನೆ, ಅಷ್ಟೆ.

ಕಾರಣಗಳು ಹಲವು. ಯಂತ್ರಗಳ ಎಚ್ಚರಿಕೆಯ ಗಂಟೆ ಹಗಲುರಾತ್ರಿ ಕೂಗುತ್ತಿರುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ರಾತ್ರಿಯ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು, ಐ.ಸಿ.ಯು.ಗಳಲ್ಲಿ ಅಳೆದವರಿಗೆ 50ಕ್ಕೂ ಮೇಲೆಯೇ ಸಿಕ್ಕಿದೆ. ರಕ್ತ ತೆಗೆಯಲು, ಮಗ್ಗುಲು ಬದಲಿಸಲು, ಕಫ ಎಳೆಯಲು ಗಂಟೆಗೊಮ್ಮೆ ಯಾರಾದರೂ ಬರುತ್ತಾರೆ. ಅದು ಅವರ ಕರ್ತವ್ಯ, ಅವರನ್ನು ದೂರುವಂತಿಲ್ಲ. ದೀಪ ಆರುವುದಿಲ್ಲ. ನಮ್ಮ ಮೈಯೊಳಗಿನ ಗಡಿಯಾರವು ಬೆಳಕು ಕತ್ತಲೆಗಳನ್ನು ನೋಡಿ ನಡೆಯತಕ್ಕದ್ದು. ಕತ್ತಲಾದಾಗ ಮಿದುಳಿನಲ್ಲಿ ಮೆಲಟೋನಿನ್ ಎಂಬ ರಸ ಒಸರಿ ಮಲಗುವ ಹೊತ್ತಾಯಿತೆಂದು ತಿಳಿಸುತ್ತದೆ. ಹಗಲೂ ಇಲ್ಲದ ರಾತ್ರಿಯೂ ಇಲ್ಲದ ಜಾಗದಲ್ಲಿ ಈ ಗಡಿಯಾರ ದಿಕ್ಕು ತಪ್ಪುತ್ತದೆ.

ಗಂಟಲಲ್ಲಿ ನಳಿಕೆಯಿರುವ ರೋಗಿ ಅದನ್ನು ಕಿತ್ತುಕೊಳ್ಳದಂತೆ ಮಂಪರಿನ ಮದ್ದು ಕೊಡುತ್ತಾರೆ. ಮಂಪರು ನಿದ್ದೆಯಲ್ಲ. ಕುಡಿದು ಬಿದ್ದವನು ಬೆಳಗ್ಗೆ ಎದ್ದಾಗ ದಣಿವಾರಿದಂತೆ ಇರುತ್ತಾನೆಯೇ? ಇದೂ ಅದೇ ರೀತಿ. ಮೇಲಾಗಿ ಯಂತ್ರದ ಮೇಲಿದ್ದವರಲ್ಲಿ ಬಹಳ ಮಂದಿಗೆ ಬುದ್ಧಿಭ್ರಮೆ ಆವರಿಸುತ್ತದೆ. ಕೆಲವು ಅಧ್ಯಯನಗಳಲ್ಲಿ ನೂರಕ್ಕೆ 80 ಮಂದಿಗೆ. ದಾದಿಯರು ತನ್ನನ್ನು ಕೊಲ್ಲಲು ಬಂದಂತೆ, ಗೋಡೆಯ ಮೇಲೆ ಹುಳು ಹರಿದಂತೆ, ತನ್ನನ್ನು ಎಲ್ಲಿಗೋ ಸಾಗಿಸಿದಂತೆ ಕಾಣುತ್ತದೆ. ಭಾಷೆ ತಿಳಿಯದ ಊರಿನಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿದ ಅಪರಿಚಿತರ ನಡುವೆ, ಮಾತಾಡಲು ಬಾಯಿಯೂ ಇಲ್ಲದೆ ಮಲಗಿದ ನಮ್ಮ ಹುಡುಗನಿಗೆ ಈ ಭ್ರಮೆ ಇನ್ನಷ್ಟು ಘೋರವಾದರೆ ಆಶ್ಚರ್ಯವೇನು? ಭ್ರಮೆ ಹೋಗುತ್ತದೆ. ಕಂಡದ್ದರ ನೆನಪು ಮಾತ್ರ ಉಳಿಯುತ್ತದೆ. ಕಣ್ಣು ಮುಚ್ಚಿದಾಗ ಎದ್ದು ಬರುತ್ತದೆ.

ಫೋಟೋ ಸ್ವಚ್ಛ, ಮನುಷ್ಯ ಅಸ್ವಸ್ಥ

ಕೆನಡಾ ದೇಶದ ಟೊರಾಂಟೋದಲ್ಲಿ ಈ ಕಾಯಿಲೆಯಿಂದ ಬದುಕಿದ 109 ಮಂದಿಯನ್ನು ವೈದ್ಯರು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಐ.ಸಿ.ಯು. ಬಿಡುವ ಹೊತ್ತಿಗೆ ಅವರು ಮೈತೂಕದಲ್ಲಿ ನೂರಕ್ಕೆ 18 ಪಾಲು ಕಳೆದುಕೊಂಡಿದ್ದರು. ಆರು ತಿಂಗಳಿಗೆಲ್ಲ ಶ್ವಾಸಕೋಶದ ಗಾತ್ರ ಹೆಚ್ಚು ಕಡಿಮೆ ಮೊದಲಿನಂತಾಯಿತು. ಆದರೂ ಒಂದು ವರ್ಷ ಕಳೆದ ಮೇಲೆ ಕೆಲಸಕ್ಕೆ ಮರಳಿದ್ದವರು ನೂರಕ್ಕೆ 49 ಮಂದಿ ಮಾತ್ರ. ಅಮೇರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿಯೂ, ಕಾಯಿಲೆಗೆ ಮುಂಚೆ ದುಡಿಯುತ್ತಿದ್ದವರಲ್ಲಿ ನೂರಕ್ಕೆ 44 ಮಂದಿ ವರ್ಷದ ಬಳಿಕ ಕೆಲಸವಿಲ್ಲದೆ ಇದ್ದರು. ಅಲ್ಲಿಯ ಆಸ್ಪತ್ರೆ, ಅಲ್ಲಿಯ ಆಹಾರ, ಅಲ್ಲಿಯ ಮನೆಗಳಿದ್ದೂ ಈ ಸ್ಥಿತಿ. ಹತ್ತು ಜನರ ಖೋಲಿಯವನ ಪಾಡನ್ನು ಓದುಗರೇ ಊಹಿಸಿಕೊಳ್ಳಲಿ.

ಇಂಥ ರೋಗಿಗಳ ಮೈ, ಮನಸ್ಸು, ಬುದ್ಧಿ ಮೂರರಲ್ಲಿಯೂ ಉಳಿಯುವ ಕುಂದುಗಳಿಗೆ ಒಟ್ಟಾಗಿ ಒಂದು ಹೆಸರು ಬೇಕೆಂದು ತಜ್ಞರು 2010ರಲ್ಲಿ ಸಭೆ ಸೇರಿ ಚರ್ಚಿಸಿದರು. 2012ರಲ್ಲಿ ಆ ಹೆಸರು ಪ್ರಕಟವಾಯಿತು. ಐ.ಸಿ.ಯು. ನಂತರದ ಲಕ್ಷಣಕೂಟವೆಂದು ಅದರ ಅರ್ಥ. ನಿದ್ದೆಗೇಡು ಆ ಮೂರಕ್ಕೂ ಅಂಟಿಕೊಂಡಿದೆ. ನಿದ್ದೆಯನ್ನೇ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಒಂದು ಪರಿಶೀಲನೆಯಲ್ಲಿ, ಆಸ್ಪತ್ರೆ ಬಿಟ್ಟ ಮೊದಲ ತಿಂಗಳಲ್ಲಿ ಅರ್ಧದಿಂದ ಮೂರನೆಯ ಎರಡು ಪಾಲಿನಷ್ಟು ಮಂದಿಗೆ ನಿದ್ದೆಯ ತೊಂದರೆ ಇದ್ದುದು ಕಂಡುಬಂದಿತು. ಆರು ತಿಂಗಳು ಕಳೆದ ಮೇಲೆ ಕೆಲವು ಅಧ್ಯಯನಗಳಲ್ಲಿ ಇದು ನೂರಕ್ಕೆ 10ಕ್ಕೆ ಇಳಿದಿತ್ತು, ಕೆಲವುಗಳಲ್ಲಿ 61ರಷ್ಟೇ ಇತ್ತು. ಬಹುಮಂದಿಗೆ ತಿಂಗಳುಗಳು ಉರುಳಿದಂತೆ ನಿದ್ದೆ ಸುಧಾರಿಸುತ್ತದೆಂಬ ಧೈರ್ಯವೂ ಇದರಲ್ಲಿದೆ. ತಾನಾಗಿ ಸರಿಹೋಗುತ್ತದೆಂದು ಎಲ್ಲರನ್ನೂ ಕೈಬಿಡುವಂತಿಲ್ಲವೆಂಬ ಎಚ್ಚರಿಕೆಯೂ ಇದೆ.

ಬಿಡಾರಕ್ಕೆ ಬಂದವನಿಗೆ ನಿದ್ದೆ ಏಕೆ ಬಾರದು? ದಿಕ್ಕು ತಪ್ಪಿದ ಮೈಗಡಿಯಾರ ಕೂಡಲೇ ಸರಿಹೋಗುವುದಿಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟೀತೆಂಬ ಭಯ, ಕೆಮ್ಮು. ಶ್ವಾಸಕೋಶದ ಉರಿಯೂತಕ್ಕೆ ಕೊಟ್ಟ ಸ್ಟೆರಾಯ್ಡ್ ಗುಳಿಗೆಗಳೇ ಕೆಲವರ ನಿದ್ದೆ ಕೆಡಿಸುತ್ತವೆ. ಅದಕ್ಕಾಗಿಯೇ ಅವನ್ನು ಸಾಮಾನ್ಯವಾಗಿ ಬೆಳಗ್ಗೆ ತೆಗೆದುಕೊಳ್ಳಲು ಹೇಳುತ್ತಾರೆ. ಮದ್ದಿನ ಮಂಪರಿಗೆ ಒಗ್ಗಿದ ಮಿದುಳು ಅದನ್ನು ನಿಲ್ಲಿಸಿದೊಡನೆ ಕೆರಳುತ್ತದೆ. ಕೆಲವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ರೋಗ ಮೊದಲೇ ಇರುತ್ತದೆ, ಯಾರೂ ಗುರುತಿಸಿರುವುದಿಲ್ಲ. ಇವೆಲ್ಲದರ ಮೇಲೆ ಸಾಲ, ಊರಿಗೆ ಕಳುಹಿಸಬೇಕಾದ ಹಣ, ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬ ಚಿಂತೆ. ಗಾದೆಯ ಮಾತು ಇಲ್ಲಿಯೂ ಒಂದು ಪಾಲು ನಿಜವೇ. ಆದರೆ ಒಂದು ಪಾಲು ಮಾತ್ರ.

ಗುಳಿಗೆಯ ಅಡ್ಡದಾರಿ

ನಿದ್ದೆ ಬಾರದವನಿಗೆ ನಮ್ಮಲ್ಲಿ ಸಿಗುವ ಮೊದಲ ಸಲಹೆ ಔಷಧಿ ಅಂಗಡಿಯ ಗುಳಿಗೆ, ಎರಡನೆಯದು ಶರಾಬು. ಎರಡನ್ನೂ ನಾವು ಖಂಡಿಸುತ್ತೇವೆ. ನಿದ್ದೆಯ ಗುಳಿಗೆಗಳಲ್ಲಿ ಹಲವು ಉಸಿರಾಟವನ್ನು ಮಂದಗೊಳಿಸುತ್ತವೆ. ಗಟ್ಟಿ ಎದೆಯವನು ಅದನ್ನು ತಾಳಿಕೊಂಡಾನು; ಶ್ವಾಸಕೋಶ ಇನ್ನೂ ಪೂರ್ತಿ ಮಾಗದವನಿಗೆ ಅದು ಅಪಾಯ. ಜೊತೆಗೆ ಶರಾಬೂ ಸೇರಿದರೆ ಪ್ರಾಣಕ್ಕೇ ಸಂಚಕಾರ. ಅಲ್ಪ್ರಾಜೋಲಮ್‌ನಂಥ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕೆಂದು ಸರಕಾರದ ನಿಯಮ 2014ರಿಂದ ಇದೆ. ಪರಿಚಯದ ಅಂಗಡಿಯವನು ಚೀಟಿ ಕೇಳದೆ ಕೊಟ್ಟರೆ ಅದು ಸ್ನೇಹವಲ್ಲ. ಹಾಗೆಂದು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಈ ಲೇಖನ ಓದಿ ಒಮ್ಮೆಲೇ ನಿಲ್ಲಿಸಿಬಿಡಲೂ ಬಾರದು. ಅವರನ್ನು ಕೇಳಿಯೇ ಇಳಿಸಬೇಕು.

ದೀರ್ಘಕಾಲದ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಅಭ್ಯಾಸವನ್ನು ತಿದ್ದುವ, ಮನಸ್ಸಿನ ಭಯವನ್ನು ಮಾತಿನಿಂದ ಬಿಡಿಸುವ ಚಿಕಿತ್ಸೆಯನ್ನು ಕೊಡಬೇಕೆಂದು ಅಮೇರಿಕೆಯ ವೈದ್ಯರ ಸಂಘ 2016ರಲ್ಲಿಯೇ ಹೇಳಿದೆ. ಅದರ ಸಾರವನ್ನು ಬಿಡಾರದಲ್ಲಿಯೂ ನಡೆಸಬಹುದು. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದು. ಎದ್ದೊಡನೆ ಅರ್ಧ ಗಂಟೆ ಬಯಲ ಬೆಳಕಿನಲ್ಲಿ ಕೂಡುವುದು, ಶಕ್ತಿಯಿದ್ದಷ್ಟು ನಡೆಯುವುದು. ಮೈಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕೇ. ಹಗಲೆಲ್ಲ ಹಾಸಿಗೆಯಲ್ಲಿ ಬಿದ್ದಿರದೆ, ಮಧ್ಯಾಹ್ನ ಬೇಕಾದರೆ ಅರ್ಧ ಗಂಟೆ ಒರಗುವುದು. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡದೆ ಎದ್ದು ಕುಳಿತು, ಜೋಂಪು ಬಂದಾಗ ಮತ್ತೆ ಮಲಗುವುದು. ಉಸಿರು ಕಟ್ಟುವ ಭಯವಿದ್ದವನು ತಲೆಯ ಕಡೆ ಎತ್ತರ ಮಾಡಿಕೊಂಡು ಮಗ್ಗುಲಾಗಿ ಮಲಗುವುದು. ಹೋಟೆಲಿನವರಿಗೆ ಕಷ್ಟವಾದ ಮಾತೊಂದುಂಟು: ಮಧ್ಯಾಹ್ನದ ಮೇಲೆ ಚಹಾ ಕಾಫಿ ಬಿಡಬೇಕು. ಕೈಯಳತೆಯಲ್ಲಿ ಪುಕ್ಕಟೆಯಾಗಿ ಸಿಗುವುದನ್ನು ಬಿಡುವುದು ಸುಲಭವಲ್ಲ, ಆದರೂ ಬಿಡಬೇಕು.

ಐ.ಸಿ.ಯು.ದಲ್ಲಿ ಕಂಡ ಭಯಂಕರ ದೃಶ್ಯಗಳನ್ನು ಅವನು ಹೇಳಲು ಬಂದರೆ ನಗದೆ ಕೇಳಬೇಕು. ಯಾವ ದಿನ ಏನಾಯಿತು, ಕೈ ಕಟ್ಟಿದ್ದು ಏಕೆ, ಯಾರು ನೋಡಲು ಬಂದಿದ್ದರು ಎಂಬುದನ್ನು ಕಂಡವರು ಬಿಡಿಸಿ ಹೇಳಬೇಕು. ಯುರೋಪಿನ ಕೆಲವು ಆಸ್ಪತ್ರೆಗಳಲ್ಲಿ ದಾದಿಯರೂ ಮನೆಯವರೂ ಸೇರಿ ರೋಗಿಗಾಗಿ ದಿನಚರಿ ಬರೆದಿಡುವ ಪದ್ಧತಿಯಿದೆ. ಅದರ ಫಲ ಎಲ್ಲ ಅಧ್ಯಯನಗಳಲ್ಲಿಯೂ ಒಂದೇ ಬಗೆಯಾಗಿ ಬಂದಿಲ್ಲ. ಆದರೆ ತನಗೇನಾಯಿತೆಂದು ತಿಳಿದುಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಮನಸ್ಸು ತೀರ ಕುಗ್ಗಿದರೆ, ಬದುಕು ಬೇಡವೆನಿಸಿದರೆ, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನು ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲಿಯೇ ಮಾತಾಡಬಹುದೆಂಬುದು ಪರವೂರಿನಲ್ಲಿರುವ ನಮಗೆ ದೊಡ್ಡ ಅನುಕೂಲ.

ಇನ್ನು, ಮಲಗಿದಾಗ ಏದುಸಿರು ಹೆಚ್ಚಿದರೆ, ಕಾಲು ಬಾತರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗೊರಕೆಯ ನಡುವೆ ಉಸಿರು ನಿಂತು ಹೋಗುವುದನ್ನು ಪಕ್ಕದವನು ಕಂಡರೆ, ಬೆಳಗ್ಗೆ ಎದ್ದಾಗ ತಲೆ ಸಿಡಿಯುತ್ತಿದ್ದರೆ, ಅದನ್ನು ವೈದ್ಯರಿಗೆ ಹೇಳಲೇಬೇಕು. ಹತ್ತು ಜನರ ಖೋಲಿಯಿಂದ ಒಂದೇ ಒಂದು ಲಾಭವಿದ್ದರೆ ಇದು: ಮಲಗಿದವನ ಉಸಿರನ್ನು ಕೇಳುವವರು ಪಕ್ಕದಲ್ಲಿರುತ್ತಾರೆ.

ಮಾಲಕರಿಗೂ ನಮಗೂ ಒಂದು ಮಾತು

ಮಾಲಕರ ಕಡೆಯ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಹದಿನೈದು ಮಂದಿಯ ಹೋಟೆಲಿನಲ್ಲಿ ಒಬ್ಬನು ಅರೆಶಕ್ತಿಯವನಾದರೆ ಆ ಭಾರ ಉಳಿದವರ ಮೇಲೆ ಬೀಳುತ್ತದೆ. ಬಾಡಿಗೆ, ಗ್ಯಾಸು, ತೆರಿಗೆ ಯಾರಿಗೂ ಕಾಯುವುದಿಲ್ಲ. ಆದರೆ ನಮ್ಮ ಮಾಲಕರಲ್ಲಿ ಎಷ್ಟೋ ಮಂದಿ ತಾವೇ ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ದಣಿದ ಮೈಯೆಂದರೇನೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಮೇಲಾಗಿ ಇದು ಬರಿಯ ದಯೆಯ ಪ್ರಶ್ನೆಯಲ್ಲ. ಹದಿನೇಳು ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯವಿದ್ದವನ ಕೈಚಳಕಕ್ಕೆ ಸಮವೆಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ಕುಡಿದವನನ್ನು ಯಾವ ಮಾಲಕರಾದರೂ ಕುದಿಯುವ ಎಣ್ಣೆಯ ಮುಂದೆ ನಿಲ್ಲಿಸುತ್ತಾರೆಯೇ? ಓಡುವ ಮಗ್ಗದ ಮುಂದೆ?

ಆದುದರಿಂದ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಐ.ಸಿ.ಯು. ಬಿಟ್ಟು ಬಂದವನಿಗೆ ಕೆಲಸ ಸೇರಿದ ಮೊದಲ ಮೂರು ತಿಂಗಳು ರಾತ್ರಿ ಪಾಳಿ ಬೇಡ. ಬೆಳಗ್ಗೆ ಬಾಗಿಲು ತೆರೆಯುವುದನ್ನೂ ರಾತ್ರಿ ಮುಚ್ಚುವುದನ್ನೂ ಅವನೊಬ್ಬನ ತಲೆಗೇ ಕಟ್ಟುವುದು ಬೇಡ. ಕಾವಲಿ, ಎಣ್ಣೆಯ ಬಾಣಲೆ, ಮಗ್ಗ ಇವುಗಳಿಂದ ದೂರವಿಟ್ಟು ಹಗುರ ಕೆಲಸ ಕೊಡಲಿ. ಅರ್ಧ ದಿನದಿಂದ ಆರಂಭಿಸಿ ವಾರವಾರಕ್ಕೆ ಹೆಚ್ಚಿಸಲಿ. ಮಲಗಲು ದಿನವೂ ಒಂದೇ ಜಾಗ, ದೀಪದಿಂದ ಮರೆಯಾದ ಮೂಲೆ ಇರಲಿ. ಒಂದು ಹಳೆಯ ಚಾದರ ಅಡ್ಡ ಕಟ್ಟಲು ಯಾರ ಗಂಟೂ ಹೋಗುವುದಿಲ್ಲ.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ, ಸಂಬಳದ ಮಿತಿಯೊಳಗಿದ್ದು ಇ.ಎಸ್.ಐ.ಗೆ ವಂತಿಗೆ ಕಟ್ಟಿದ ಕಾರ್ಮಿಕನಿಗೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70 ಪಾಲು ಸಿಗುತ್ತದೆ. ಆ ಹಣ ಭಿಕ್ಷೆಯಲ್ಲ, ತಾನೇ ಕಟ್ಟಿದ ವಂತಿಗೆಯ ಫಲ. ಆದರೆ ಹೆಸರು ನೋಂದಿಸದ ಹೋಟೆಲುಗಳಲ್ಲಿ, ಐದಾರು ಮಂದಿಯ ಚಹಾ ಅಂಗಡಿಗಳಲ್ಲಿ ದುಡಿಯುವವನಿಗೆ ಇದು ಇಲ್ಲ. ಅಲ್ಲಿಯೇ ಸಂಘದ ಕೆಲಸವಿರುವುದು. ನಿಮ್ಮ ಹೆಸರು ನೋಂದಿತವಾಗಿದೆಯೇ ಎಂದು ಕಾಯಿಲೆ ಬೀಳುವ ಮುಂಚೆಯೇ ವಿಚಾರಿಸಿಕೊಳ್ಳಿರೆಂದು ಸದಸ್ಯರನ್ನೆಲ್ಲ ನಾವು ಕೇಳಿಕೊಳ್ಳುತ್ತೇವೆ.

ಆಸ್ಪತ್ರೆಯಿಂದ ಬಿಡುವ ದಿನ ಒಬ್ಬ ತಿಳಿದವನು ಜೊತೆಗೆ ಹೋಗತಕ್ಕದ್ದು. ನಮ್ಮವರು ವೈದ್ಯರ ಮುಂದೆ ಕೈಕಟ್ಟಿ ನಿಂತು, ಕೇಳಿದ್ದಕ್ಕೆಲ್ಲ ಹೂಂ ಎಂದು ಬರುತ್ತಾರೆ. ಕೆಮ್ಮಿದೆಯೇ, ಜ್ವರವಿದೆಯೇ ಎಂದು ಅಲ್ಲಿ ಕೇಳುತ್ತಾರೆ. ನಿದ್ದೆ ಹೇಗಿದೆ ಎಂದು ಕೇಳುವವರು ಕಡಿಮೆ. ಅವರು ಕೇಳದಿದ್ದರೆ ನಾವೇ ಹೇಳಬೇಕು. ಮರಾಠಿಯೋ ಹಿಂದಿಯೋ ಬಾಯಿಗೆ ಬಾರದವನ ಪರವಾಗಿ ಜೊತೆಗಿದ್ದವನು ಹೇಳಬೇಕು.

ಕೊನೆಯದಾಗಿ ನಮ್ಮ ನಮ್ಮೊಳಗಿನ ಮಾತು. ಮಾಲಕರ ಮುಂದೆ ಬೇಡಿಕೆ ಇಡುವ ಮೊದಲು ನಾವು ನಮ್ಮ ಖೋಲಿಯಲ್ಲಿ ಮಾಡಬಹುದಾದುದನ್ನು ಮಾಡಬೇಕು. ರಾತ್ರಿ ಹನ್ನೊಂದರ ಮೇಲೆ ಮೊಬೈಲಿನ ಹಾಡು ಬೇಡ. ಕಾಯಿಲೆಯಿಂದ ಎದ್ದವನು ನಡುರಾತ್ರಿ ಬೆಚ್ಚಿ ಕೂಗಿದರೆ ಬೈಯದೆ ಒಂದು ಲೋಟ ನೀರು ಕೊಡಿ. ಅವನ ಪಾಳಿಯನ್ನು ನಾಲ್ಕು ವಾರ ಸರದಿಯಂತೆ ನಾವೇ ಹಂಚಿಕೊಂಡರೆ, ಕೆಲಸ ಉಳಿಸಿಕೊಡಿರೆಂದು ಮಾಲಕರನ್ನು ಕೇಳುವ ನಮ್ಮ ಬಾಯಿಗೂ ಬಲ ಬರುತ್ತದೆ. ಗಲ್ಲಾದ ಮೇಲೆ ಒಬ್ಬನು ತೂಕಡಿಸುವುದನ್ನು ಕಂಡಾಗ ನಗುವ ಮುಂಚೆ ಒಂದು ಪ್ರಶ್ನೆ ಕೇಳಿ: “ಅಣ್ಣಾ, ರಾತ್ರಿ ನಿದ್ದೆ ಬಂತೆ?” ಉತ್ತರ ಇಲ್ಲವೆಂದಾದರೆ ಅವನನ್ನು ಸಂಘದ ಕಚೇರಿಗೆ ಕರೆದುಕೊಂಡು ಬನ್ನಿ. ಮುಂದಿನ ದಾರಿಯನ್ನು ಕೂಡಿಯೇ ನೋಡೋಣ.